ತಿರುಗಿ ಹೋಗದ ಹಡಗು

ರಾಯಚೂರಿನ ಕೋಟೆ ನೋಡಲು ಹೋದವರಿಗೆ ಊರಿನವರು ಮೊದಲು ತೋರಿಸುವುದು ಗೋಡೆಯಲ್ಲಿ ಸೇರಿರುವ ಒಂದು ಉದ್ದನೆಯ ಕಲ್ಲನ್ನು. 41 ಅಡಿಗೂ ಹೆಚ್ಚು ಉದ್ದದ ಆ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿಯ ಮಂತ್ರಿ ವಿಠಲನು ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಅಷ್ಟು ಭಾರದ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನು ತೋರಿಸುವ ರೇಖಾಚಿತ್ರವೂ ಅಲ್ಲಿದೆ.

ಇದೇ ಕೋಟೆಯ ಗೋಡೆಗಳ ಎದುರು 1520ರಲ್ಲಿ ಇಪ್ಪತ್ತು ಮಂದಿ ಪರದೇಶಿಗಳು ಕೋವಿ ಹಿಡಿದು ನಿಂತಿದ್ದರು. ಅವರು ಪೋರ್ಚುಗಲ್ಲಿನವರು, ಅವರ ದೇಶ ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿತ್ತು. ರಾಯಚೂರಾದರೋ ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಊರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ನಡುವೆ ದೇವದುರ್ಗ, ಮಾನ್ವಿ, ಗಿಲ್ಲೆಸುಗೂರುಗಳ ಎರೆಭೂಮಿ. ಹಳೆಯ ಶಾಸನಗಳ 'ಎಡೆದೊರೆ ನಾಡು' ಇದು. ಇಲ್ಲಿಯ ಜನಕ್ಕೆ ಗೊತ್ತಿದ್ದ ದೋಣಿಯೆಂದರೆ ಹೊಳೆ ದಾಟುವ ಹರಿಗೋಲು ಮಾತ್ರ. ಇಂಥ ನೆಲಕ್ಕೆ ಕಡಲಾಚೆಯ ಆ ಇಪ್ಪತ್ತು ಮಂದಿ ಬಂದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಒಂದು ಹಡಗಿನ ಕಥೆ ಎದುರಾಗುತ್ತದೆ. ಸರಕು ಹೇರಿಕೊಂಡು ಊರಿಗೆ ಮರಳಲೆಂದು ಕಟ್ಟಿದ ಹಡಗು ಅದು. ಆದರೆ ಎರಡನೆಯ ಸಲ ಹೊರಟಾಗ ಅದು ಊರಿಗೆ ಮರಳಲಿಲ್ಲ. ಅದರೊಂದಿಗೆ ಬಂದವರಲ್ಲೂ ಅನೇಕರು ಮರಳಲಿಲ್ಲ. ವ್ಯಾಪಾರಕ್ಕೆಂದು ಬಂದವರು ವಸಾಹತುಗಾರರಾದ ಬಗೆಯನ್ನು ತಿಳಿಯಲು ಈ ಹಡಗಿನ ಒಂಬತ್ತು ವರ್ಷಗಳ ಬದುಕೇ ಸಾಕು.

ಕಡಲ ಹೂವು

ಹಡಗಿನ ಹೆಸರು 'ಫ್ಲೋರ್ ದೆ ಲಾ ಮಾರ್'. 'ಕಡಲ ಹೂವು' ಎಂದು ಅರ್ಥ. 1502ರಲ್ಲಿ ಲಿಸ್ಬನ್ನಿನಲ್ಲಿ ಕಟ್ಟಿದ ಇದು ಸುಮಾರು 400 ಟನ್ ಸರಕು ಹೊರುವ ಹಡಗು. ಅಲ್ಲಿಯವರೆಗೆ ಭಾರತದ ದಾರಿ ಹಿಡಿದಿದ್ದ ಯಾವ ಹಡಗೂ ಇಷ್ಟು ದೊಡ್ಡದಿರಲಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಆಗಿನ್ನೂ ನಾಲ್ಕು ವರ್ಷವಾಗಿತ್ತು. ಮೆಣಸಿನ ರುಚಿ ಕಂಡ ಪೋರ್ಚುಗಲ್ ದೊರೆ ಮನುವೆಲ್ ಪ್ರತಿವರ್ಷ ಹಡಗುಗಳ ತಂಡವನ್ನು ಕಳುಹಿಸತೊಡಗಿದ್ದ.

ಈ ಪಯಣ ಗಾಳಿಯನ್ನು ನಂಬಿಕೊಂಡದ್ದು. ಮಾರ್ಚ್ ಅಥವಾ ಏಪ್ರಿಲಿನಲ್ಲಿ ಲಿಸ್ಬನ್ ಬಿಟ್ಟರೆ ಆಫ್ರಿಕದ ತುದಿಯನ್ನು ಸುತ್ತಿ ಮುಂಗಾರಿನ ಗಾಳಿ ಹಿಡಿದು ಆಗಸ್ಟ್-ಸೆಪ್ಟೆಂಬರಿಗೆ ಪಶ್ಚಿಮ ಕರಾವಳಿ ಸೇರಬಹುದು. ಮೆಣಸು ತುಂಬಿಕೊಂಡು ಡಿಸೆಂಬರ್-ಜನವರಿಯಲ್ಲಿ ಹಿಂಗಾರಿನ ಗಾಳಿಗೆ ಹಾಯಿ ಬಿಚ್ಚಬೇಕು. ಗಾಳಿ ತಪ್ಪಿದರೆ ಆಫ್ರಿಕದ ಪೂರ್ವತೀರದ ಮೊಜಾಂಬಿಕ್ ದ್ವೀಪದಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಒಣ ರೊಟ್ಟಿ, ಉಪ್ಪು ಹಾಕಿದ ಮಾಂಸ, ಅಳೆದು ಕೊಡುವ ನೀರು ತಿಂಗಳಾನುಗಟ್ಟಲೆಯ ಆಹಾರ. ತಾಜಾ ಹಣ್ಣು ತರಕಾರಿ ಇಲ್ಲದೆ ವಸಡು ಬಾತು ಸಾಯುವವರು ಪ್ರತಿ ಪಯಣದಲ್ಲೂ ಇರುತ್ತಿದ್ದರು. ಮರಕ್ಕೆ ಕಡಲ ಹುಳು ಹಿಡಿಯುತ್ತಿತ್ತು. ಈ ದಾರಿಯಲ್ಲಿ ಓಡಾಡುವ ಹಡಗು ಮೂರು-ನಾಲ್ಕು ವರ್ಷ ಬಾಳಿದರೆ ಅದೇ ಹೆಚ್ಚು.

'ಕಡಲ ಹೂವು' ಮೊದಲ ಸಲ ಹೊರಟದ್ದು 1502ರಲ್ಲಿ, ವಾಸ್ಕೋ ಡ ಗಾಮನ ದಾಯಾದಿ ಎಸ್ತೆವಾವ್ ದ ಗಾಮನ ನಾಯಕತ್ವದಲ್ಲಿ. ಬರುವಾಗ ತೊಂದರೆಯಾಗಲಿಲ್ಲ. ಮಸಾಲೆ ತುಂಬಿಕೊಂಡು ಹಿಂದಿರುಗುವಾಗ ಮೊಜಾಂಬಿಕ್ ಕಡಲಿನ ಸೆಳವಿಗೆ ಸಿಕ್ಕಿ ತಳದಲ್ಲಿ ನೀರು ಒಸರತೊಡಗಿತು. ದ್ವೀಪದಲ್ಲಿ ನಿಂತು ರಿಪೇರಿ ಮಾಡಿಸಿಕೊಂಡು 1503ರಲ್ಲಿ ಹೇಗೋ ಊರು ಸೇರಿತು. ಹೆಚ್ಚು ಹೊರಲೆಂದು ದೊಡ್ಡದಾಗಿ ಕಟ್ಟಿದ್ದರು. ಹೆಚ್ಚು ಹೊತ್ತರೆ ಸೋರುತ್ತಿತ್ತು. ಈ ದೋಷ ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಇರಲೆಂದೇ ಬಂದವರು

ಮೊದಲ ವರ್ಷಗಳ ಪೋರ್ಚುಗೀಸರು ಬಂದು ಹೋಗುವ ವ್ಯಾಪಾರಿಗಳು. 1505ರಲ್ಲಿ ಈ ಕ್ರಮ ಬದಲಾಯಿತು. ಆ ವರ್ಷ ಮಾರ್ಚ್ 25ರಂದು ಲಿಸ್ಬನ್ ಬಿಟ್ಟ ತಂಡದಲ್ಲಿ 20ಕ್ಕೂ ಹೆಚ್ಚು ಹಡಗುಗಳು, ಸುಮಾರು 1,500 ಸೈನಿಕರು ಇದ್ದರು. ಮುಂದಾಳು ಫ್ರಾನ್ಸಿಸ್ಕೊ ದ ಅಲ್ಮೇಡ. ಅವನಿಗೆ ದೊರೆ ಕೊಟ್ಟ ಪದವಿ ವೈಸ್‌ರಾಯ್, ಅಂದರೆ ರಾಜಪ್ರತಿನಿಧಿ. ಮೂರು ವರ್ಷ ಭಾರತದಲ್ಲೇ ಇದ್ದು, ಕೋಟೆಗಳನ್ನು ಕಟ್ಟಿ, ಕಡಲನ್ನು ಕಾಯಬೇಕೆಂಬುದು ಅವನಿಗೆ ಇದ್ದ ಅಪ್ಪಣೆ. ಆಳಲು ಇನ್ನೂ ಒಂದು ಗೇಣು ನೆಲವಿಲ್ಲ, ಆದರೆ ಆಳುವವನು ಆಗಲೇ ಹಡಗು ಹತ್ತಿದ್ದ. ಈ ತಂಡದಲ್ಲಿ 'ಕಡಲ ಹೂವೂ' ಇತ್ತು. ಈ ಸಲ ಅದರ ನಾಯಕ ಜೋವಾವ್ ದ ನೋವಾ.

ಹೀಗೆ ಇರಲೆಂದೇ ಬಂದವರು ಭಾರತದಲ್ಲಿ ಮೊದಲು ಕೋಟೆಗೆ ಕಲ್ಲಿಟ್ಟ ಜಾಗ ಕನ್ನಡ ಕರಾವಳಿಯದೇ. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ 1505ರ ಸೆಪ್ಟೆಂಬರಿನಲ್ಲಿ ಕೆಲಸ ಆರಂಭವಾಯಿತು. ಮುಂದಿನ ತಿಂಗಳು ಹೊನ್ನಾವರದಲ್ಲಿ ಕದನವಾಗಿ ಬಂದರಿನಲ್ಲಿದ್ದ ಹಡಗುಗಳು ಸುಟ್ಟವು. ಆಗ ಅಲ್ಲಿಯ ಕಡಲಿನಲ್ಲಿ ಪ್ರಬಲನಾಗಿದ್ದವನು ತಿಮ್ಮೋಜ. ಪೋರ್ಚುಗೀಸರ ಬರವಣಿಗೆಗಳಲ್ಲಿ ಅವನು ಕಡಲುಗಳ್ಳ. ಅವನ ಊರಿನವರಿಗೆ ತಮ್ಮ ಕಡಲಿನ ನಾಯಕ. ಎದುರಾಳಿಯ ಬಲವನ್ನು ಅಳೆದ ತಿಮ್ಮೋಜ ಸಂಧಿ ಮಾಡಿಕೊಂಡ. ಅಂಜದೀವದ ಕೋಟೆಯನ್ನು ಮರುವರ್ಷವೇ ಅವರು ಕೈಬಿಟ್ಟರೂ ತಿಮ್ಮೋಜನ ಸಂಗವನ್ನು ಬಿಡಲಿಲ್ಲ. ಅದರ ಫಲ ಐದು ವರ್ಷಗಳ ನಂತರ ಕಾಣಿಸಿತು.

ಇತ್ತ 'ಕಡಲ ಹೂವು' 1506ರ ಆರಂಭದಲ್ಲಿ ಮೆಣಸು ತುಂಬಿಕೊಂಡು ಊರಿನತ್ತ ಹೊರಟಿತು. ಮೊಜಾಂಬಿಕ್ ಬಳಿ ಮತ್ತೆ ಅದೇ ಸೋರಿಕೆ. ತಿಂಗಳುಗಳು ಕಳೆದರೂ ಹಡಗು ಕದಲಲಿಲ್ಲ. 1507ರಲ್ಲಿ ಪೋರ್ಚುಗಲ್ಲಿನಿಂದ ಬರುತ್ತಿದ್ದ ತ್ರಿಸ್ತಾವ್ ದ ಕುನ್ಯಾನ ತಂಡದ ಕಣ್ಣಿಗೆ ಅದು ಬಿತ್ತು. ಅದರ ಸರಕನ್ನು ಬೇರೆ ಹಡಗಿಗೆ ಸಾಗಿಸಿ ಊರಿಗೆ ಕಳುಹಿಸಿದರು. ಹಡಗನ್ನು ದುರಸ್ತಿ ಮಾಡಿ ತಮ್ಮೊಂದಿಗೆ ಮತ್ತೆ ಪೂರ್ವಕ್ಕೆ ತಿರುಗಿಸಿಕೊಂಡರು. ಮೆಣಸು ಲಿಸ್ಬನ್ನಿಗೆ ಹೋಯಿತು, ಹಡಗು ಹೋಗಲಿಲ್ಲ. ಅಲ್ಲಿಂದಾಚೆಗೆ ಅದು ಸರಕಿನ ಹಡಗಲ್ಲ, ಯುದ್ಧದ ಹಡಗು. ಆ ತಂಡದಲ್ಲೇ ಇದ್ದ ಅಫೋನ್ಸೊ ದ ಅಲ್ಬುಕರ್ಕ್‌ನ ಜೊತೆ ಅದೇ ವರ್ಷ ಹೊರ್ಮುಜ್ ಬಂದರಿನ ಮೇಲೆ ಬಿದ್ದಿತು. 1509ರ ಫೆಬ್ರವರಿ 3ರಂದು ದಿಯು ಬಳಿ ಈಜಿಪ್ಟ್, ಗುಜರಾತ್ ಮತ್ತು ಕಲ್ಲಿಕೋಟೆಯ ಹಡಗುಗಳ ಕೂಟವನ್ನು ಸೋಲಿಸಿದಾಗ ಅಲ್ಮೇಡ ನಿಂತು ಹೋರಾಡಿಸಿದ್ದು ಇದೇ ಹಡಗಿನಿಂದ.

ಗೋವೆಯ ಸಂಸಾರಿಗಳು

ಅಲ್ಮೇಡನ ನಂತರ ಅಧಿಕಾರ ಅಲ್ಬುಕರ್ಕ್‌ಗೆ ಬಂತು. ಕಡಲಿನ ಮೇಲೆ ಹಿಡಿತವಿದ್ದರೆ ಸಾಕು ಎಂದು ಅಲ್ಮೇಡ ನಂಬಿದ್ದ. ನೆಲದ ಮೇಲೆ ನೆಲೆಯಿಲ್ಲದೆ ಕಡಲು ದಕ್ಕದು ಎಂಬುದು ಅಲ್ಬುಕರ್ಕ್‌ನ ನಂಬಿಕೆ. ಆಗ ಗೋವೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಅದನ್ನು ಹಿಡಿಯಲು ಇದೇ ಸಮಯವೆಂದು ಅವನಿಗೆ ಸಲಹೆ ಕೊಟ್ಟವನು ಹೊನ್ನಾವರದ ತಿಮ್ಮೋಜ. 1510ರ ಆರಂಭದಲ್ಲಿ ಗೋವೆ ಸುಲಭವಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಅವರನ್ನು ಹೊರದಬ್ಬಿತು. ಅಷ್ಟರಲ್ಲಿ ಮಳೆಗಾಲ ಹಿಡಿದು ಹಡಗುಗಳು ಮಾಂಡವಿ ನದಿಯ ಅಳಿವೆ ದಾಟಲಾಗದೆ ಅಲ್ಲೇ ಸಿಕ್ಕಿಬಿದ್ದವು. ಹಸಿವಿಗೆ ಇಲಿಗಳನ್ನೂ ತಿಂದ ಆ ತಂಡ ಮಳೆ ಇಳಿದ ಮೇಲೆ ಹೊರಬಂದು, ನವೆಂಬರ್ 25ರಂದು ಮತ್ತೆ ದಾಳಿ ಮಾಡಿ ಗೋವೆಯನ್ನು ವಶಪಡಿಸಿಕೊಂಡಿತು. ಅನಂತರ ನಡೆದದ್ದು ಊರಿನ ಮುಸಲ್ಮಾನರ ಕೊಲೆ. ಸತ್ತವರು ಸಾವಿರಾರು ಎಂದು ಅಲ್ಬುಕರ್ಕ್ ತಾನೇ ದೊರೆಗೆ ವರದಿ ಮಾಡಿದ. ಗೋವೆಯ ವಶದಲ್ಲಿ 'ಕಡಲ ಹೂವಿನ' ಪಾಲೂ ಇತ್ತು.

ಊರನ್ನು ಹಿಡಿದದ್ದಾಯಿತು, ಉಳಿಸಿಕೊಳ್ಳುವುದು ಹೇಗೆ? ಪೋರ್ಚುಗಲ್ ಚಿಕ್ಕ ದೇಶ. ಪ್ರತಿವರ್ಷ ಸಾವಿರಾರು ಸೈನಿಕರನ್ನು ಕಳುಹಿಸುವಷ್ಟು ಜನ ಅಲ್ಲಿರಲಿಲ್ಲ. ಬಂದವರಲ್ಲೂ ಅನೇಕರು ದಾರಿಯಲ್ಲೇ ಸಾಯುತ್ತಿದ್ದರು. ಅಲ್ಬುಕರ್ಕ್ ಕಂಡುಕೊಂಡ ಉಪಾಯ ಮದುವೆ. ತನ್ನ ಸೈನಿಕರಿಗೂ ಕುಶಲಕರ್ಮಿಗಳಿಗೂ ಊರಿನ ಹೆಂಗಸರನ್ನು ಕ್ರೈಸ್ತರನ್ನಾಗಿ ಮಾಡಿ ಮದುವೆ ಮಾಡಿಸಿದ. ದಂಪತಿಗಳಿಗೆ ಮನೆ, ಹೊಲ, ಕೈಗೆ ಹಣ ಕೊಟ್ಟ. ಹೀಗೆ ನೆಲಸಿದವರನ್ನು 'ಕಸಾದೊ' ಎಂದರು. ಮದುವೆಯಾದವರು, ಸಂಸಾರಿಗಳು ಎಂದರ್ಥ. ಕೆಲವೇ ವರ್ಷಗಳಲ್ಲಿ ಇಂಥ ನೂರಾರು ಸಂಸಾರಗಳಾದವು. ಹಡಗಿನಿಂದ ಇಳಿದವರು ಚಮ್ಮಾರರಾದರು, ರೊಟ್ಟಿ ಸುಡುವವರಾದರು, ಅಂಗಡಿ ಇಟ್ಟರು, ಕುದುರೆಯ ದಲ್ಲಾಳಿಗಳಾದರು. ಆ ಹೆಂಗಸರಲ್ಲಿ ಅನೇಕರು ಸೋತ ಊರಿನ ಸೆರೆಯಾಳುಗಳು, ವಿಧವೆಯರು. ಅವರನ್ನು ಒಪ್ಪಿಗೆ ಕೇಳಿದವರು ಯಾರು ಎಂಬುದಕ್ಕೆ ದಾಖಲೆಗಳಲ್ಲಿ ಉತ್ತರವಿಲ್ಲ. ನಾಯಕರ ಹೆಸರುಗಳು ಉಳಿದಿವೆ, ಆ ತಾಯಂದಿರ ಹೆಸರುಗಳು ಬಹುಮಟ್ಟಿಗೆ ಅಳಿಸಿಹೋಗಿವೆ. ಆದರೂ ಗೋವೆ 451 ವರ್ಷ ಪೋರ್ಚುಗೀಸರ ಕೈಯಲ್ಲಿ ಉಳಿಯಲು ಅಡಿಪಾಯ ಬಿದ್ದದ್ದು ಅವರ ಒಲೆಗಳ ಮುಂದೆಯೇ.

ಸುಮಾತ್ರದ ಬಳಿ ಕೊನೆ

ಗೋವೆಯ ನಂತರ ಅಲ್ಬುಕರ್ಕ್‌ನ ಕಣ್ಣು ಮಲಯದ ಮಲಕ್ಕಾ ಬಂದರಿನ ಮೇಲೆ ಬಿತ್ತು. 1511ರ ಆಗಸ್ಟಿನಲ್ಲಿ ಅದು ವಶವಾಯಿತು. ಸುಲ್ತಾನನ ಅರಮನೆಯಿಂದಲೂ ಪೇಟೆಯಿಂದಲೂ ದೋಚಿದ ಸಂಪತ್ತನ್ನು ಸಾಗಿಸಬೇಕಿತ್ತು. 'ಕಡಲ ಹೂವಿಗೆ' ಆಗ ಒಂಬತ್ತು ವರ್ಷ; ಇಂಥ ಹಡಗಿಗೆ ಅದು ಮುಪ್ಪು. ಸದಾ ನೀರು ಎತ್ತಿ ಹೊರಹಾಕುತ್ತಿದ್ದರೆ ಮಾತ್ರ ತೇಲುವ ಸ್ಥಿತಿ. ಬೇಡವೆಂದು ಹೇಳಿದವರಿದ್ದರು. ಆದರೆ ಅಷ್ಟು ಸರಕು ಹಿಡಿಸುವ ಇನ್ನೊಂದು ಹಡಗು ಇರಲಿಲ್ಲ.

1511ರ ನವೆಂಬರ್ 20ರ ರಾತ್ರಿ ಸುಮಾತ್ರದ ತೀರದ ಬಳಿ ಬಿರುಗಾಳಿಗೆ ಸಿಕ್ಕಿ ಹಡಗು ನೆಲಕ್ಕೆ ತಾಗಿ ಒಡೆಯಿತು. ಹಲಗೆಗಳನ್ನು ಕಟ್ಟಿದ ತೆಪ್ಪದ ಮೇಲೆ ಅಲ್ಬುಕರ್ಕ್ ಬದುಕಿ ಉಳಿದ. ಸಂಪತ್ತು ಮುಳುಗಿತು, ಅನೇಕರು ಮುಳುಗಿದರು. ಜಾವಾದ ನಾವಿಕನೊಬ್ಬ ಬರೆದಿದ್ದ ದೊಡ್ಡ ಕಡಲ ನಕ್ಷೆಯೂ ಹೋಯಿತು. ಅಂಥ ನಕ್ಷೆಯನ್ನು ತಾನು ಕಂಡೇ ಇರಲಿಲ್ಲವೆಂದು 1512ರಲ್ಲಿ ಅಲ್ಬುಕರ್ಕ್ ದೊರೆಗೆ ಬರೆದ ಪತ್ರದಲ್ಲಿ ಹಲುಬಿದ್ದಾನೆ. ಏಷ್ಯಾದ ನಾವಿಕರಿಗೆ ತಮ್ಮ ಕಡಲು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಆ ಪತ್ರ ಸಾಕ್ಷಿ.

ಹಡಗು ಹೋಯಿತು. ಆದರೆ ಅದು ಗೆಲ್ಲಲು ನೆರವಾದ ಬಂದರುಗಳು ಉಳಿದವು. ಹೊರ್ಮುಜ್‌ನಿಂದ ಅರಬ್ಬಿ ಮತ್ತು ಪಾರಸಿ ಕುದುರೆಗಳು ಹೊರಡುತ್ತಿದ್ದವು. ಗೋವೆಯಲ್ಲಿ ಅವು ಇಳಿಯುತ್ತಿದ್ದವು. ಈ ಎರಡರ ನಡುವಿನ ಕಡಲು ಈಗ ಪೋರ್ಚುಗೀಸರ ಕಾವಲಿನಲ್ಲಿತ್ತು. ಎಡೆದೊರೆ ನಾಡಿನ ಹಣೆಬರಹ ಕಡಲಿಗೆ ಗಂಟುಬಿದ್ದದ್ದು ಇಲ್ಲಿಯೇ.

ಕುದುರೆಯ ನೆಪ

ದಖ್ಖನಿನ ಹವೆ, ಮೇವು ಒಳ್ಳೆಯ ಯುದ್ಧದ ಕುದುರೆಗಳಿಗೆ ಒಗ್ಗುತ್ತಿರಲಿಲ್ಲ. ವಿಜಯನಗರವಾಗಲಿ ಬಿಜಾಪುರವಾಗಲಿ ಅವನ್ನು ಹೊರಗಿನಿಂದಲೇ ತರಿಸಬೇಕಿತ್ತು. ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅದೇ ಬೆಲೆ ಕೊಡುತ್ತಿದ್ದನಂತೆ. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂಬ ಮಾತೂ ಇದೆ. ಇವನ್ನೆಲ್ಲ ಬರೆದವನು ಫೆರ್ನಾವ್ ನ್ಯೂನಿಜ್, 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಪರ್ದಾವ್ ಎಂದರೆ ಹೆಚ್ಚುಕಡಿಮೆ ವರಹ. ಮಾರುವವನ ಬಾಯಿಯ ಲೆಕ್ಕವಾದ್ದರಿಂದ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಕುದುರೆಗೆ ಇದ್ದ ಬೇಡಿಕೆ ಮಾತ್ರ ಸುಳ್ಳಲ್ಲ.

ಈ ಬೇಡಿಕೆಯ ಬೆಲೆ ಅಲ್ಬುಕರ್ಕ್‌ಗೆ ಚೆನ್ನಾಗಿ ತಿಳಿದಿತ್ತು. 1510ರಲ್ಲೇ ಫ್ರೈ ಲೂಯಿಸ್ ಎಂಬ ಪಾದ್ರಿಯನ್ನು ಕೃಷ್ಣದೇವರಾಯನಲ್ಲಿಗೆ ದೂತನಾಗಿ ಕಳುಹಿಸಿ, ಕುದುರೆಗಳು ಬಿಜಾಪುರಕ್ಕೆ ಹೋಗದೆ ವಿಜಯನಗರಕ್ಕೇ ಬರುವಂತೆ ಮಾಡುವ ಆಸೆ ತೋರಿಸಿದ. ಮುಂದೆ ಬಿಜಾಪುರದೊಂದಿಗೂ ಅದೇ ಮಾತು ಆಡಿದ. ಬಂದರು ಕೈಯಲ್ಲಿದ್ದವನಿಗೆ ಇಬ್ಬರ ಜಗಳವೇ ಬಂಡವಾಳ.

ರಾಯಚೂರು ಯುದ್ಧಕ್ಕೆ ನ್ಯೂನಿಜ್ ಕೊಡುವ ಕಾರಣವೂ ಕುದುರೆಯೇ. ಕೃಷ್ಣದೇವರಾಯ ಸೈಯದ್ ಮರಕ್ಕಾರ್ ಎಂಬ ವ್ಯಾಪಾರಿಯ ಕೈಗೆ 40,000 ಪರ್ದಾವ್ ಕೊಟ್ಟು ಗೋವೆಯಲ್ಲಿ ಕುದುರೆ ಕೊಳ್ಳಲು ಕಳುಹಿಸಿದ. ಆತ ಗೋವೆಗೆ ಹೋಗದೆ ಫೋಂಡಾಕ್ಕೆ ಹೋಗಿ, ಹಣದೊಂದಿಗೆ ಆದಿಲ್ ಶಾಹನ ಆಶ್ರಯ ಪಡೆದ. ಅವನನ್ನು ಒಪ್ಪಿಸಿರೆಂದು ರಾಯ ಕೇಳಿದಾಗ ಇಸ್ಮಾಯಿಲ್ ಆದಿಲ್ ಶಾಹ ಒಪ್ಪಲಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ನೆಲಕ್ಕಾಗಿ ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ, ಅನಂತರ ಬಿಜಾಪುರಕ್ಕೂ ತಲೆಮಾರುಗಳಿಂದ ಕಾದಾಟವಿತ್ತು. ಇದು ನೆಪ ಮಾತ್ರ ಇರಬಹುದು. ಆದರೆ ಆ ನೆಪ ಗೋವೆಯ ಕುದುರೆ ಸಂತೆಯಿಂದ ಬಂತು.

ಗೋಡೆಯ ಎದುರು ಇಪ್ಪತ್ತು ಮಂದಿ

ರಾಯನ ಸೈನ್ಯ ಬಂದು ರಾಯಚೂರಿನ ಬಳಿ ಬೀಡುಬಿಟ್ಟಿತು. ನ್ಯೂನಿಜ್ ಹೇಳುವ ಬೀಡಿನ ಜಾಗವನ್ನು ಊರಿನ ಪಕ್ಕದ ಮಲಿಯಾಬಾದ್ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಕೋಟೆಗೆ ಮುತ್ತಿಗೆ ಹಾಕಿದ್ದಾಗಲೇ ಆದಿಲ್ ಶಾಹ ಕೃಷ್ಣೆಯನ್ನು ದಾಟಿ ಬಂದ. 1520ರ ಮೇ ತಿಂಗಳ ಒಂದು ಶನಿವಾರ ದೊಡ್ಡ ಕದನವಾಯಿತು. ಬಿಜಾಪುರದ ತೋಪುಗಳು ಒಟ್ಟಿಗೆ ಗುಡುಗಿದಾಗ ವಿಜಯನಗರದ ಮುಂಚೂಣಿ ಚೆದುರಿ ಓಡಿತು. ರಾಯನೇ ಮುಂದೆ ನಿಂತು ಹಿಂದಿನ ಪಡೆಯನ್ನು ಹುರಿದುಂಬಿಸಿ ತಿರುಗಿಬಿದ್ದ ಮೇಲೆ ಕದನದ ದಿಕ್ಕು ಬದಲಾಯಿತು. ಆದಿಲ್ ಶಾಹನ ಸೈನ್ಯ ಹೊಳೆಯವರೆಗೂ ಹಿಮ್ಮೆಟ್ಟಿತು. ನೂಕುನುಗ್ಗಲಲ್ಲಿ ಕೃಷ್ಣೆಯ ಪಾಲಾದವರಿಗೆ ಲೆಕ್ಕವಿಲ್ಲ. ರಾಯನ ಕೈಗೆ 400 ದೊಡ್ಡ ತೋಪುಗಳು ಸಿಕ್ಕವೆಂದು ನ್ಯೂನಿಜ್ ಬರೆದಿದ್ದಾನೆ.

ಆದರೆ ಕೋಟೆ ಇನ್ನೂ ಬಿದ್ದಿರಲಿಲ್ಲ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಮೂರು ಸುತ್ತಿನ ಗೋಡೆ, ನಡುವೆ ಮಣ್ಣಿನ ಭರ್ತಿ. ವಿಜಯನಗರದ ಆಳುಗಳು ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ನಾಯಕರು ಹಣ ಎಣಿಸಿ ಕೊಡುತ್ತಿದ್ದರಂತೆ. ಮೇಲಿನಿಂದ ಬಾಣ, ಗುಂಡು, ಕಲ್ಲುಗಳ ಮಳೆ. ಒಂದೊಂದು ಕಲ್ಲಿಗೂ ಪ್ರಾಣಗಳ ಬೆಲೆ.

ಆಗ ಬಂದವನು ಕ್ರಿಸ್ತೋವಾವ್ ದ ಫಿಗೆರೆದೊ. ರಾಯನಿಗೆ ಮಾರಲು ಕುದುರೆಗಳನ್ನು ತಂದಿದ್ದ ಅವನ ಜೊತೆ ಇಪ್ಪತ್ತು ಮಂದಿ ಕೋವಿಗಾರರಿದ್ದರು. ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆಯುವುದು ಅವರ ಕೆಲಸವಾಯಿತು. ಕಾವಲುಗಾರರು ತಲೆ ಮರೆಸಿಕೊಂಡಂತೆ ಹಾರೆಯವರ ಕೆಲಸ ಹಗುರವಾಯಿತು. ಏನಾಗುತ್ತಿದೆಯೆಂದು ಇಣುಕಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ತಾಗಿತು. ಮರುದಿನ ಕೋಟೆಯ ಬಾಗಿಲು ತೆರೆಯಿತು.

ಇದು ಪೋರ್ಚುಗೀಸನೊಬ್ಬ ತನ್ನವರ ಬಗ್ಗೆ ಬರೆದದ್ದು ಎಂಬುದನ್ನು ಮರೆಯುವಂತಿಲ್ಲ. ತಿಂಗಳುಗಟ್ಟಲೆ ಮುತ್ತಿಗೆ ನಡೆಸಿದವರು, ಗುಂಡಿನ ಮಳೆಯಲ್ಲಿ ಕಲ್ಲು ಕಿತ್ತವರು ಕನ್ನಡ ತೆಲುಗು ನಾಡಿನ ಸಾವಿರಾರು ಕಾಲಾಳುಗಳು. ಇಪ್ಪತ್ತು ಕೋವಿಗಳು ಕೋಟೆಯನ್ನು ಗೆದ್ದವು ಎನ್ನುವುದು ಅವರಿಗೆ ಅನ್ಯಾಯ. ಅದಕ್ಕಿಂತ ಯೋಚಿಸಬೇಕಾದ ಸಂಗತಿ ನ್ಯೂನಿಜನ ಬರವಣಿಗೆಯಲ್ಲೇ ಇದೆ. ಆ ಯುದ್ಧದಲ್ಲಿ ಆದಿಲ್ ಶಾಹನ ಕಡೆಗೂ ಪೋರ್ಚುಗೀಸರಿದ್ದರು; ತಮ್ಮ ದೊರೆಯ ಚಾಕರಿ ಬಿಟ್ಟು ಬಿಜಾಪುರದ ಸಂಬಳಕ್ಕೆ ಸೇರಿದವರು. ಹೀಗೆ ಲಿಸ್ಬನ್ನಿನಲ್ಲಿ ಹಡಗು ಹತ್ತಿದವರು ಹದಿನೈದೇ ವರ್ಷಗಳಲ್ಲಿ ಎಡೆದೊರೆಯ ಎರಡೂ ಪಾಳೆಯಗಳಲ್ಲಿ ನಿಂತಿದ್ದರು. ಗೋವೆಯ ಸುಂಕದ ಕಟ್ಟೆಗಂತೂ ಯಾರು ಗೆದ್ದರೂ ಲಾಭವೇ.

ಈ ಯುದ್ಧದಿಂದ ಪಾಠ ಕಲಿತವರು ಗೆದ್ದವರಲ್ಲ, ಸೋತವರು ಎಂದು ಇತಿಹಾಸಕಾರ ರಿಚರ್ಡ್ ಈಟನ್ 2009ರ ಪ್ರಬಂಧವೊಂದರಲ್ಲಿ ವಾದಿಸಿದ್ದಾರೆ. ಬಿಜಾಪುರ ತೋಪುಗಳ ಮೇಲೂ ತೋಪಿಗೆ ತಕ್ಕ ಕೋಟೆಗಳ ಮೇಲೂ ಗಮನ ಹರಿಸಿತು. ವಿಜಯನಗರ ತನ್ನ ಹಳೆಯ ಬಲವನ್ನೇ ನೆಚ್ಚಿತು. 1565ರ ತಾಳಿಕೋಟೆ ಯುದ್ಧದ ನಂತರ ರಾಯಚೂರು ಮತ್ತೆ ಬಿಜಾಪುರದ ವಶವಾಯಿತು.

ಉಳಿದದ್ದೇನು?

'ಕಡಲ ಹೂವಿನ' ಪಡಿಯಚ್ಚೊಂದನ್ನು ಮಲೇಷ್ಯಾದವರು ಮಲಕ್ಕಾದಲ್ಲಿ ಕಡಲ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ತಮ್ಮ ಊರನ್ನು ದೋಚಿದ ಹಡಗನ್ನು ಅವರು ಮರೆಯದೆ ನೋಡಲಿಟ್ಟಿದ್ದಾರೆ. ಪೋರ್ಚುಗೀಸರು 1505ರಲ್ಲಿ ಮೊದಲು ಕೋಟೆಗೆ ಕಲ್ಲಿಟ್ಟ ಅಂಜದೀವಕ್ಕೆ 1682ರಲ್ಲಿ ಮತ್ತೆ ಬಂದರು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾದಾಗ ಆ ದ್ವೀಪವನ್ನು ಬಿಡಿಸಿಕೊಳ್ಳಲು ಹೋದ ನೌಕೆಗಳಲ್ಲಿ ಒಂದರ ಹೆಸರು 'ಮೈಸೂರು'. ಆ ಕಾರ್ಯದಲ್ಲಿ ಭಾರತದ ಏಳು ನಾವಿಕರು ಪ್ರಾಣ ಕೊಟ್ಟರು.

ರಾಯಚೂರಿನಲ್ಲಿ ಇದರ ನೆನಪಿಗೆ ಸ್ಮಾರಕವೇನಿಲ್ಲ. ಉಳಿದಿರುವುದು ಮಾತಿನಲ್ಲಿ, ಊಟದಲ್ಲಿ. ಯೂರೋಪಿನವರನ್ನು ಕರೆಯುತ್ತಿದ್ದ 'ಫಿರಂಗಿ' ಎಂಬ ಪದ ಕನ್ನಡದಲ್ಲಿ ತೋಪಿನ ಹೆಸರಾಯಿತು. ಅದೇ ಪದ ಬಾಯಿಂದ ಬಾಯಿಗೆ ಸಾಗಿ 'ಪರಂಗಿ ಹಣ್ಣು' ಆಯಿತು. ಚಾವಿ, ಅಲಮಾರಿ, ಪಾದ್ರಿ, ಅನಾನಸು ಅದೇ ದಾರಿಯಿಂದ ಬಂದವು. ಯಾವ ಮೆಣಸಿಗಾಗಿ ಆ ಹಡಗುಗಳು ಬಂದವೋ ಆ ಮೆಣಸಿನ ಜಾಗಕ್ಕೆ ಅವೇ ಅಮೆರಿಕದ ಗಿಡವೊಂದನ್ನು ತಂದವು. ಕನ್ನಡಿಗರು ಅದಕ್ಕೆ ಮೆಣಸಿನಕಾಯಿ ಎಂದು ಹೆಸರಿಟ್ಟು ತಮ್ಮದಾಗಿಸಿಕೊಂಡರು. ಮಾನ್ವಿ, ಗಿಲ್ಲೆಸುಗೂರಿನ ಕಡೆ ಜೋಳದ ರೊಟ್ಟಿಯ ಜೊತೆ ಕೆಂಪು ಖಾರ ಕಲಸಿಕೊಳ್ಳುವವರಿಗೆ ಅದು ಹೊರಗಿನದೆಂದು ಹೇಳಿದರೆ ಇಂದು ನಂಬಿಕೆ ಬರಲಾರದು.